ಬಾಣಂತಿಯ ಮನಸ್ಸಿಗೆ ಆಸರೆ: ಯಾರ ಬಳಿ ಹೋಗಬೇಕು, ಯಾವಾಗ, ಎಷ್ಟು ಖರ್ಚಿನಲ್ಲಿ?

ಈಚೆಗೆ ಮೂವರು ಹೆಂಗಸರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳಿಗೆ ಈಗ ಏಳು ತಿಂಗಳು. ರಾತ್ರಿಯೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಇನ್ನೊಬ್ಬಳು ಹೆತ್ತು ಐದು ವಾರವಾಗಿ ತವರಿನಲ್ಲಿದ್ದಾಳೆ, ಅಳು ನಿಲ್ಲುತ್ತಿಲ್ಲ. ಮೂರನೆಯವರು ಬಾಣಂತಿಯ ತಾಯಿ. "ಮಗಳನ್ನು ಹೆರಿಗೆ ಮಾಡಿಸಿದ ಡಾಕ್ಟರಿಗೇ ತೋರಿಸಲೋ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಲೋ, ಫೋನಿನಲ್ಲಿ ಮಾತಾಡಿಸಿದರೆ ಸಾಕೋ?" ಎಂದು ಅವರು ಕೇಳಿದ ದನಿಯಲ್ಲಿ ಅವಸರವೂ ಇತ್ತು, ಯಾರಿಗಾದರೂ ಕೇಳಿಸೀತೆಂಬ ಅಂಜಿಕೆಯೂ ಇತ್ತು.

ನಾನು ವೈದ್ಯೆಯಲ್ಲ. ನನ್ನ ಮೊದಲ ಹೆರಿಗೆಯ ನಂತರ ಇದೇ ಗೊಂದಲದಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಕಳೆದುಕೊಂಡವಳು. ಆ ದಿನಗಳು ಇನ್ನೊಬ್ಬರಿಗೆ ಹಾಗೆ ಹೋಗಬಾರದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಆಯ್ಕೆ ಮಾಡುತ್ತಾ ಕೂರಬಾರದ ಸಂದರ್ಭ

ಸಾವಿರ ಹೆರಿಗೆಗೆ ಒಬ್ಬರೋ ಇಬ್ಬರೋ ತಾಯಂದಿರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಮನಸ್ಸಿನ ತೀವ್ರ ಕಾಯಿಲೆ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ. ನಿದ್ದೆಯೇ ಬೇಕಿಲ್ಲದಂತೆ ಓಡಾಡುವುದು, ಯಾರದೋ ದನಿ ಕೇಳುತ್ತಿದೆ ಎನ್ನುವುದು, ಮಗು ತನ್ನದಲ್ಲ ಎನ್ನುವುದು, ಮಾತಿಗೆ ಮಾತು ಕೂಡದಿರುವುದು, ಮನೆಯವರ ಮೇಲೆ ವಿಪರೀತ ಅನುಮಾನ ಪಡುವುದು ಇದರ ಲಕ್ಷಣಗಳು. ನಮ್ಮಲ್ಲಿ ಇದನ್ನು ಬಾಣಂತಿ ಸನ್ನಿ ಎನ್ನುತ್ತಾರೆ, ಗಾಳಿ ಸೋಕಿದೆ ಎನ್ನುತ್ತಾರೆ, ನಿಂಬೆಹಣ್ಣು ಇಳಿ ತೆಗೆಯುತ್ತಾರೆ. ಹರಕೆ ಹೊತ್ತುಕೊಳ್ಳುವುದಾದರೆ ಹೊತ್ತುಕೊಳ್ಳಿ, ಆದರೆ ಹೊತ್ತ ಗಳಿಗೆಯಲ್ಲೇ 108ಕ್ಕೆ ಕರೆ ಮಾಡಿ, ಮನೋವೈದ್ಯರಿರುವ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಅದೇ ದಿನ ಹೊರಡಿ. ಜ್ವರವೂ ಇದ್ದರೆ ಸೋಂಕಿರಬಹುದು, ಇನ್ನೂ ಬೇಗ ಹೊರಡಬೇಕು. ಅಲ್ಲಿಯವರೆಗೆ ತಾಯಿಯನ್ನು ಒಂಟಿಯಾಗಿ ಬಿಡಬೇಡಿ, ಮಗುವಿನೊಂದಿಗೂ ಒಂಟಿಯಾಗಿ ಬಿಡಬೇಡಿ. ಸಾಯಬೇಕು ಅನ್ನಿಸುತ್ತಿದೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೋ ಎಂಬ ಭಯವಾಗುತ್ತಿದೆ ಎಂದು ಆಕೆ ಹೇಳಿದರೂ ಇದೇ ಮಾತು. ಈ ಕಾಯಿಲೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ತಡವಾದರೆ ಮಾತ್ರ ಅಪಾಯ. ಹಿಂದೆ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲಕಾಲ ಅತಿ ಉತ್ಸಾಹಕ್ಕೂ ಕೆಲಕಾಲ ತೀವ್ರ ಖಿನ್ನತೆಗೂ ಹೊರಳುವುದು) ಇದ್ದವರು ಗರ್ಭಿಣಿಯಾಗಿರುವಾಗಲೇ ಮನೋವೈದ್ಯರ ಕಣ್ಣಳತೆಯಲ್ಲಿರಬೇಕು.

ಇದಕ್ಕೆ ನೇರ ಎದುರಿನದು, ಹೆತ್ತ ಮೂರನೇ ನಾಲ್ಕನೇ ದಿನ ಶುರುವಾಗುವ ಅಳು. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಇದು ಬರುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಇದಕ್ಕೆ ನಿದ್ದೆ ಮತ್ತು ಜೊತೆ ಸಾಕು.

ಎರಡು ವಾರ ದಾಟಿಯೂ ದುಃಖ, ಆತಂಕ, ಬೇಸರ ಬಿಡದಿದ್ದರೆ, ಅಥವಾ ಗರ್ಭಿಣಿಯಾಗಿದ್ದಾಗಲೇ ಹಾಗಾಗುತ್ತಿದ್ದರೆ, ಆಗ ಆಯ್ಕೆಯ ಪ್ರಶ್ನೆ. ನೀವು ಒಂಟಿಯಲ್ಲ: ನಮ್ಮಂಥ ಅಭಿವೃದ್ಧಿಶೀಲ ದೇಶಗಳಲ್ಲಿ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 16 ಜನರಿಗೆ, ಹೆತ್ತವರಲ್ಲಿ ಸುಮಾರು 20 ಜನರಿಗೆ ಮಾನಸಿಕ ತೊಂದರೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಳೆಯುವುದು ಯಾವುದರಿಂದ?

ಎಲ್ಲರೂ ಮೊದಲು ಕೇಳುವುದು "ಒಳ್ಳೆಯ ಡಾಕ್ಟರು ಯಾರು?" ಎಂದು. ನನಗೆ ಆ ಪ್ರಶ್ನೆ ಎರಡನೆಯದು. ಮೊದಲನೆಯದು, ಅಲ್ಲಿಗೆ ಎರಡನೇ ಸಲ ಹೋಗಲು ಆಗುತ್ತದೆಯೇ?

ಮೊದಲ ಭೇಟಿಗೆ ಹೇಗೋ ಎಲ್ಲರೂ ಹೊರಡುತ್ತಾರೆ. ಮಗುವನ್ನು ಸುತ್ತಿಕೊಂಡು, ಕಾರು ಗೊತ್ತುಮಾಡಿಕೊಂಡು, ಅಣ್ಣನಿಗೋ ಗಂಡನಿಗೋ ರಜೆ ಹಾಕಿಸಿಕೊಂಡು ಹೋಗಿಬರುತ್ತಾರೆ. ಖಿನ್ನತೆಗೆ ಕೊಡುವ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಸಮಾಲೋಚನೆಯೂ ಒಂದು ಸಲಕ್ಕೆ ಮುಗಿಯುವುದಿಲ್ಲ. ಮೂರು ವಾರದ ನಂತರ ಮತ್ತೆ ಹೊರಡಬೇಕಾದಾಗ ಕಾರು ಇರುವುದಿಲ್ಲ, ಅಣ್ಣನಿಗೆ ರಜೆ ಇರುವುದಿಲ್ಲ, "ಒಂದು ಸಲ ತೋರಿಸಿ ಆಯಿತಲ್ಲ" ಎಂಬ ಮಾತು ಬರುತ್ತದೆ. ಚಿಕಿತ್ಸೆ ಕೈಬಿಡುವುದು ಇಲ್ಲಿಯೇ. ದೂರದ ಹೆಸರುವಾಸಿಗಿಂತ ಹತ್ತಿರದ ಸಾಧಾರಣವೇ ಎಷ್ಟೋ ಸಲ ಮೇಲು ಎಂದು ನಾನು ಹೇಳುವುದು ಇದರಿಂದಾಗಿ.

ಉಳಿದ ಅಳತೆಗಳು ಹೀಗಿವೆ. ತೊಂದರೆ ಎಷ್ಟು ತೀವ್ರ: ಊಟ, ನಿದ್ದೆ, ಮಗುವಿನ ಆರೈಕೆ ನಡೆಯುತ್ತಿವೆಯೇ, ನಿಂತಿವೆಯೇ? ಎದುರು ಕೂತವರು ಔಷಧಿ ಬರೆಯಬಲ್ಲವರೇ, ಮಾತಿನಿಂದ ಆಸರೆ ಕೊಡುವವರೇ? ಗುಟ್ಟು ಉಳಿಯುತ್ತದೆಯೇ? ನಿಮ್ಮ ಕನ್ನಡದಲ್ಲಿ ಮಾತಾಡಬಹುದೇ? ಕೊನೆಗೆ ದುಡ್ಡು, ಅದರಲ್ಲಿ ಶುಲ್ಕಕ್ಕಿಂತ ಪ್ರಯಾಣ ಮತ್ತು ಜೊತೆಗೆ ಬರುವವರ ಕೂಲಿ ದೊಡ್ಡದು ಎಂಬುದನ್ನು ಮರೆಯಬೇಡಿ.

ತವರು ಮತ್ತು ಬಾಣಂತನ

ಇದನ್ನೂ ಒಂದು ಆಯ್ಕೆಯಾಗಿಯೇ ಇಡುತ್ತೇನೆ, ಏಕೆಂದರೆ ಹೆಚ್ಚಿನ ಮನೆಗಳು ಇದೊಂದರ ಮೇಲೆಯೇ ಭಾರ ಹಾಕುತ್ತವೆ. ನನ್ನ ಬಾಣಂತನ ಮಲೆನಾಡಿನ ತವರಿನಲ್ಲಾಯಿತು. ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತುಪ್ಪ ಹಾಕಿದ ಬಿಸಿ ಅನ್ನಕ್ಕೆ ಮೆಣಸಿನ ಸಾರು. ಅಮ್ಮ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕೋಣೆಯ ಮಾಡಿನಲ್ಲಿ ಒಂದು ಗಾಜಿನ ಹಂಚಿತ್ತು. ಅದರಿಂದ ಬೀಳುವ ಬಿಸಿಲಿನ ಚೌಕ ಬೆಳಿಗ್ಗೆ ಗೋಡೆಯ ಗೂಡಿನ ಹತ್ತಿರ ಇರುತ್ತಿತ್ತು, ಮಧ್ಯಾಹ್ನ ನನ್ನ ಪಾದದ ಮೇಲೆ ಬರುತ್ತಿತ್ತು, ಸಂಜೆಗೆ ತೊಟ್ಟಿಲ ಕಾಲಿನ ಬಳಿ ಹೋಗಿ ಮಾಯವಾಗುತ್ತಿತ್ತು. ಅದನ್ನು ನೋಡುವುದೇ ನನ್ನ ಇಡೀ ದಿನ. "ಮಗು ಮಲಗಿದೆಯಲ್ಲ, ನೀನೂ ಮಲಗು" ಎಂದು ಅಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಕಣ್ಣು ಮುಚ್ಚಿದರೆ ಮಗುವಿನ ಉಸಿರು ನಿಂತಂತೆ ಅನ್ನಿಸಿ ಎದ್ದು ಅದರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ. ಒಂದು ರಾತ್ರಿಗೆ ಮೂವತ್ತು ನಲವತ್ತು ಸಲ.

ತವರಿನ ಬಲವೆಂದರೆ ಊಟ, ಮಗುವನ್ನು ಎತ್ತಿಕೊಳ್ಳುವ ಇನ್ನೆರಡು ಕೈ, ಮನೆಗೆಲಸದಿಂದ ಬಿಡುವು. ಸಣ್ಣ ಮಟ್ಟದ ಬೇಸರಕ್ಕೆ ಇದು ನಿಜವಾದ ಮದ್ದು, ಖರ್ಚೂ ಇಲ್ಲ. ಮಗು ಮಲಗಿದರೂ ತಾಯಿಗೆ ನಿದ್ದೆ ಬರುವುದಿಲ್ಲ ಎಂದಾದರೆ ಮಾತ್ರ ಮನೆಯ ಮದ್ದಿನ ಗಡಿ ಮುಗಿಯಿತು ಎಂದು ತಿಳಿಯಿರಿ. ಇನ್ನೊಂದು ಮಿತಿಯೂ ಇದೆ. ಬಾಣಂತಿ ಹೊರಗೆ ಹೋಗಬಾರದು ಎಂಬ ಕಟ್ಟು ಆಸರೆಯ ಉಳಿದ ಎಲ್ಲ ಬಾಗಿಲುಗಳನ್ನೂ ಮುಚ್ಚಿಬಿಡುತ್ತದೆ.

ಇನ್ನು ಹೆಣ್ಣು ಹುಟ್ಟಿತೆಂದು ಚುಚ್ಚುವ, ಕೈಮಾಡುವ ಮನೆಯಲ್ಲಿದ್ದರೆ ಆ ಮನೆಯೇ ಕಾಯಿಲೆಗೆ ಒಂದು ಕಾರಣ. ಅಲ್ಲಿ ಮಾತ್ರೆಗಿಂತ ಮೊದಲು ಜಾಗ ಬದಲಾಗಬೇಕು. ಮಹಿಳಾ ಸಹಾಯವಾಣಿ 181 ಮತ್ತು ಜಿಲ್ಲೆಯ ಸಖಿ ಕೇಂದ್ರ ಅದಕ್ಕಾಗಿಯೇ ಇವೆ.

ಆಶಾ ಕಾರ್ಯಕರ್ತೆ

ಬಾಣಂತಿ ಕೋಣೆಯೊಳಗೆ ತಾನಾಗಿ ಬರುವ ಆರೋಗ್ಯ ವ್ಯವಸ್ಥೆಯ ವ್ಯಕ್ತಿ ಮುಖ್ಯವಾಗಿ ಇವರೇ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಸಲ ಅವರು ಮನೆಗೆ ಬರಬೇಕೆಂಬ ನಿಯಮವಿದೆ. ಬರುವುದು ಮುಖ್ಯವಾಗಿ ಮಗುವಿಗಾಗಿ. ಆದರೂ ಅವರ ಕೈಹಿಡಿದು ಒಂದು ಮಾತು ಹೇಳಬಹುದು, ಮನೆಯವರಿಗೆ ತಿಳಿಹೇಳಿ ಎನ್ನಬಹುದು. ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಯಾರು ಬರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ, ಜೊತೆಗೂ ಬರುತ್ತಾರೆ.

ತೊಡಕು ಗುಟ್ಟಿನದು. ಅವರು ಅದೇ ಊರಿನವರು, ಎಷ್ಟೋ ಸಲ ಅತ್ತೆಯ ಗೆಳತಿಯ ಮಗಳು. ನಿಮ್ಮ ಊರಿನಾಕೆ ಎಂಥವರು ಎಂಬುದು ನಿಮಗೇ ಗೊತ್ತು. ನಂಬಿಕೆ ಇಲ್ಲದಿದ್ದರೆ ಈ ದಾರಿ ಬಿಡಿ.

ಹೆರಿಗೆ ವೈದ್ಯರು

ಗರ್ಭಿಣಿಗೆ ಇದು ಮೊದಲ ಬಾಗಿಲು ಎಂದೇ ನನ್ನ ಅಭಿಪ್ರಾಯ. ಹೇಗೂ ತಿಂಗಳು ತಿಂಗಳು ಹೋಗುತ್ತೀರಿ, ಯಾರೂ ತಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆ ಸುಸ್ತು, ಬೇಸರ, ಎದೆಬಡಿತವಾಗಿ ಕಾಣಿಸಿಕೊಂಡು ಮನಸ್ಸಿನ ಕಾಯಿಲೆಯ ವೇಷ ಹಾಕುತ್ತವೆ. ಅವುಗಳನ್ನು ರಕ್ತ ಪರೀಕ್ಷೆಯಿಂದ ಬೇರ್ಪಡಿಸಬಲ್ಲವರು ವೈದ್ಯರು. ಫೋನಿನ ದನಿಗೆ ಅದು ಆಗದು.

ಎಡಿನ್‌ಬರ್ಗ್ ಪ್ರಶ್ನಾವಳಿ ಎಂಬ ಹತ್ತು ಪ್ರಶ್ನೆಗಳ ಒಂದು ಹಾಳೆ ಇದೆ. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ನಿಮ್ಮನ್ನೇ ಹಳಿದುಕೊಂಡಿರಾ, ಅಳುತ್ತಿದ್ದೀರಾ ಎಂದು ಕೇಳಿ, ಕೊನೆಯದಾಗಿ ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳುತ್ತದೆ. ಐದು ನಿಮಿಷದ ಕೆಲಸ. "ಆ ಹಾಳೆ ತುಂಬಿಸಿಕೊಳ್ಳುತ್ತೀರಾ?" ಎಂದು ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ.

ಹೆತ್ತ ಮೇಲೆ ಈ ಬಾಗಿಲು ಬೇಗ ಮುಚ್ಚುತ್ತದೆ. ಆರು ವಾರದ ತಪಾಸಣೆಯ ದಿನ ನನ್ನ ವೈದ್ಯರು ಹೊಲಿಗೆ ನೋಡಿದರು, ಮಗುವಿನ ತೂಕ ಕೇಳಿದರು, ಹಾಲು ಸಾಕಾಗುತ್ತಿದೆಯೇ ಎಂದರು, ಮುಂದಿನವರನ್ನು ಕರೆದರು. ಹೊರಗೆ ಅರವತ್ತು ಜನ ಕಾಯುತ್ತಿದ್ದರು, ಅವರನ್ನು ದೂರುವುದಿಲ್ಲ. ಆದರೆ ನಾನು ಬಾಯಿ ತೆರೆಯಲು ಧೈರ್ಯ ಮಾಡಿಕೊಳ್ಳುವಷ್ಟರಲ್ಲಿ ನನ್ನ ಸರದಿ ಮುಗಿದಿತ್ತು. ಆದ್ದರಿಂದ ಕೂತ ಕೂಡಲೇ, ಹೊಲಿಗೆಯ ಮಾತಿಗೂ ಮೊದಲು ಹೇಳಿಬಿಡಿ.

14416: ಟೆಲಿ ಮಾನಸ್

2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಶಿಖರ ಕೇಂದ್ರ. ಹಗಲು ರಾತ್ರಿ ನಡೆಯುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಕಂಡರೆ ಮೇಲಿನ ತಜ್ಞರಿಗೋ ಹತ್ತಿರದ ಆಸ್ಪತ್ರೆಗೋ ದಾರಿ ಮಾಡುತ್ತಾರೆ. ಬಾಣಂತಿಯೇ ಕರೆ ಮಾಡಬೇಕೆಂದಿಲ್ಲ, ಗಂಡನೋ ತಾಯಿಯೋ ಮಾಡಿ ವಿಚಾರಿಸಬಹುದು.

ಎರಡನೇ ಸಲದ ಅಳತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಕಟ್ಟು ಮುರಿಯಬೇಕಿಲ್ಲ, ಬಸ್ಸು ಹಿಡಿಯಬೇಕಿಲ್ಲ. ನಡುರಾತ್ರಿ ಮೂರು ಗಂಟೆಗೆ ತೆರೆದಿರುವ ಬಾಗಿಲು ಇದೊಂದೇ. ಕೊರತೆಯೆಂದರೆ ಪ್ರತಿ ಸಲ ಅದೇ ವ್ಯಕ್ತಿ ಸಿಗುವ ಭರವಸೆ ಇಲ್ಲ, ಮೈಯ ಪರೀಕ್ಷೆ ಆಗುವುದಿಲ್ಲ, ಒಂದೇ ಕೋಣೆಯ ಮನೆಯಲ್ಲಿ ಮಾತು ಎಲ್ಲರಿಗೂ ಕೇಳುತ್ತದೆ. ಮನೆಯವರು ತೋಟಕ್ಕೋ ಕೆಲಸಕ್ಕೋ ಹೋದ ಹೊತ್ತು ನೋಡಿಕೊಳ್ಳಿ. ಎಲ್ಲಿಂದ ಶುರುಮಾಡಲಿ ಎಂದು ತಿಳಿಯದವರಿಗೆ ನಾನು ಕೊಡುವುದು ಇದೇ ಸಂಖ್ಯೆಯನ್ನು.

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆ

ಬಹಳ ಜನರಿಗೆ ಗೊತ್ತಿಲ್ಲದ, ನನ್ನನ್ನು ಉಳಿಸಿದ ದಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.

ನಾನು ಹೋದದ್ದು ಹೀಗೆ: ಮಗುವಿನ ಹತ್ತನೇ ವಾರದ ಚುಚ್ಚುಮದ್ದಿಗೆ ಅತ್ತಿಗೆಯೂ ನಾನೂ ಬಸ್ಸಿನಲ್ಲಿ ಹೊರಟೆವು. ಮಗುವನ್ನು ತೂಕಕ್ಕೆ ಮಲಗಿಸಿದ್ದಾಗ ಅತ್ತಿಗೆ ಕೌಂಟರಿಗೆ ಹೋಗಿ ಇನ್ನೊಂದು ಚೀಟಿ ಮಾಡಿಸಿಕೊಂಡು ಬಂದಳು. ಅದರಲ್ಲಿ ನನ್ನ ಹೆಸರಿತ್ತು. ಏನೂ ಹೇಳದೆ ನನ್ನ ಕೈಗೆ ಕೊಟ್ಟು ಮಗುವನ್ನು ತಾನು ಎತ್ತಿಕೊಂಡಳು. ಆ ದಿನ ಮಂಗಳವಾರ ಎಂಬುದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಚುಚ್ಚುಮದ್ದಿಗೆ ಬೇಡವೆನ್ನುವವರಿಲ್ಲ. ಮಗುವಿನ 6, 10, 14ನೇ ವಾರಗಳ ಆ ಮೂರು ಪ್ರಯಾಣಗಳಿಗೆ ನಿಮ್ಮ ಚಿಕಿತ್ಸೆಯನ್ನೂ ಗಂಟು ಹಾಕಿಕೊಳ್ಳಿ. ಎರಡನೇ ಸಲ, ಮೂರನೇ ಸಲ ತಾನಾಗಿಯೇ ಸಿಗುತ್ತದೆ.

ಇಲ್ಲಿ ಮಾತ್ರೆ ಸಿಗುತ್ತದೆ, ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಸಿಗದಿರುವುದು ಸಮಯ, ಅರ್ಧ ಗಂಟೆ ಕೂತು ಮಾತಾಡುವ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಅದನ್ನು 14416ರಿಂದ ತುಂಬಿಕೊಳ್ಳಬಹುದು. ಈ ಜೋಡಿ ಬಡವರ ಪಾಲಿನ ಅರೆಬರೆ ಏರ್ಪಾಡಲ್ಲ, ಸಾಧಾರಣದಿಂದ ಮಧ್ಯಮ ಮಟ್ಟದ ಖಿನ್ನತೆಗೆ ಪೂರ್ತಿ ತಕ್ಕದ್ದು.

ಖಾಸಗಿ ಸಮಾಲೋಚಕರು

ದುಡ್ಡಿದ್ದರೆ ಇಲ್ಲಿ ಸಿಗುವ ಲಾಭ ಮೂರು: ಗುಟ್ಟು, ಒಬ್ಬರೇ ವ್ಯಕ್ತಿ, ಮುಕ್ಕಾಲು ಗಂಟೆಯ ಮಾತು. ಬೆಂಗಳೂರಿನಲ್ಲಿ ಒಂದು ಭೇಟಿಗೆ ಸಾವಿರದ ಆಚೀಚೆಯಿಂದ ಎರಡು ಸಾವಿರ ದಾಟುವವರೆಗೂ ಕೇಳುತ್ತಾರೆ. ಆರೆಂಟು ಭೇಟಿಯಾದರೂ ಬೇಕು, ಹಾಗೆಯೇ ಲೆಕ್ಕ ಹಾಕಿಕೊಳ್ಳಿ. ವಿಡಿಯೊ ಕರೆಯಲ್ಲಿ ಮಾತಾಡುವವರಾದರೆ ಮಗುವಿಗೆ ಹಾಲು ಕುಡಿಸುತ್ತಲೇ ಮಾತಾಡಬಹುದು. ಆದರೆ "ಕೌನ್ಸೆಲರ್" ಎಂಬ ಫಲಕವನ್ನು ಯಾರು ಬೇಕಾದರೂ ಹಾಕಿಕೊಳ್ಳುತ್ತಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದುಕೊಂಡವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು, ಸಂಖ್ಯೆ ಕೇಳಿ. ಬಾಣಂತಿಯರನ್ನು ನೋಡಿದ ಅನುಭವ ಇದೆಯೇ ಎಂದೂ ಕೇಳಿ. ಇವರು ಮಾತ್ರೆ ಬರೆಯುವಂತಿಲ್ಲ. ಎರಡು ಮೂರು ಭೇಟಿಯ ನಂತರವೂ ನಿದ್ದೆ ಮರಳದಿದ್ದರೆ ಮನೋವೈದ್ಯರ ಬಳಿ ಕಳಿಸುವವರೇ ಒಳ್ಳೆಯ ಸಮಾಲೋಚಕರು.

ಇಷ್ಟು ದುಡ್ಡು ಇಲ್ಲದವರು ಎದೆಗುಂದಬೇಕಿಲ್ಲ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳಿಸಿದ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಹೆತ್ತ ಆರು ತಿಂಗಳಿಗೆ ಖಿನ್ನತೆ ಉಳಿದಿದ್ದವರು ಆ ಗುಂಪಿನಲ್ಲಿ ನೂರಕ್ಕೆ 23, ಉಳಿದವರಲ್ಲಿ 53. ದೊಡ್ಡ ಪದವಿ ಇಲ್ಲದ, ಕಲಿತು ಬಂದು ಕೇಳುವ ಹೆಂಗಸಿನ ಮಾತಿಗೂ ಅಷ್ಟು ಶಕ್ತಿ ಇದೆ.

ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್

ತೀವ್ರ ಕಾಯಿಲೆ, ಬೈಪೋಲಾರ್ ಅಥವಾ ಹಿಂದಿನ ಹೆರಿಗೆಯಲ್ಲಿ ಸನ್ನಿ ಬಂದವರು, ಮಾತ್ರೆಗೆ ಬಗ್ಗದ ಖಿನ್ನತೆ: ಇವರಿಗೆ ಪ್ರಯಾಣದ ಕಷ್ಟ ಪಟ್ಟರೂ ಇದೇ ಸರಿ. ತಾಯಿಯೂ ಮಗುವೂ ಒಟ್ಟಿಗೆ ದಾಖಲಾಗುವ ವಿಭಾಗ ನಿಮ್ಹಾನ್ಸಿನಲ್ಲಿ 2009ರಲ್ಲಿ ತೆರೆಯಿತು, ದೇಶದಲ್ಲೇ ಅದು ಮೊದಲನೆಯದು. ಹಾಸಿಗೆಗಳು ಕೆಲವೇ, ಮನೆಯ ಒಬ್ಬರು ಜೊತೆಗಿರಬೇಕು. ಬಿಪಿಎಲ್ ಕಾರ್ಡಿದ್ದರೆ ತಪ್ಪದೆ ಒಯ್ಯಿರಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್ ಹತ್ತಿರ. "ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ" ಎಂಬ ಭಯದಿಂದ ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಅದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ: ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸಬಾರದು, ತಾಯಿಯಿಂದ ಅಪಾಯವಿದ್ದರೆ ಮಾತ್ರ ತಾತ್ಕಾಲಿಕವಾಗಿ ದೂರ ಇಡಬಹುದು.

ಸಾಧಾರಣ ಬೇಸರಕ್ಕೆ ಮುನ್ನೂರು ಕಿಲೋಮೀಟರು ಹಸುಗೂಸನ್ನು ಹೊತ್ತು ಬರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮಾತ್ರೆ ಮತ್ತು ಎದೆಹಾಲು

ಯಾವ ದಾರಿ ಹಿಡಿದರೂ ಈ ಪ್ರಶ್ನೆ ಬರುತ್ತದೆ. ಸರ್ಟ್ರಾಲಿನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳು ಎದೆಹಾಲಿಗೆ ಹೋಗುವುದು ತೀರ ಕಡಿಮೆ. ಮಗುವಿಗೆ ಹಾಲು ಕುಡಿಸುತ್ತಲೇ ಅವುಗಳನ್ನು ತೆಗೆದುಕೊಳ್ಳುವ ತಾಯಂದಿರು ಬಹಳ ಜನ ಇದ್ದಾರೆ. ಬೇರೆ ಕೆಲವು, ಮುಖ್ಯವಾಗಿ ಬೈಪೋಲಾರ್ ಕಾಯಿಲೆಗೆ ಕೊಡುವ ವಾಲ್ಪ್ರೊಯೇಟ್, ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಗರ್ಭಿಣಿಯಾದೆ ಎಂದು ಗೊತ್ತಾದ ದಿನವೇ ಹಳೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸಿಬಿಡುವವರು ಬಹಳ. ಅದು ಬೇಡ; ಮಾತ್ರೆಯ ಹಾಳೆ ಹಿಡಿದುಕೊಂಡು ಆ ವಾರವೇ ವೈದ್ಯರ ಬಳಿ ಹೋಗಿ.

ನನ್ನನ್ನು ಕೇಳಿದ ಮೂವರಿಗೆ

ಏಳು ತಿಂಗಳ ಗರ್ಭಿಣಿಗೆ: ಮುಂದಿನ ತಪಾಸಣೆಯಲ್ಲೇ ಹೆರಿಗೆ ವೈದ್ಯರಿಗೆ ಹೇಳಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿ. ಅಲ್ಲಿಯವರೆಗಿನ ರಾತ್ರಿಗಳಿಗೆ 14416 ಇದೆ. ನೀವು ಕೆಲಸದಲ್ಲಿದ್ದು ಬೆಂಗಳೂರಿನಲ್ಲಿರುವುದರಿಂದ, ಒಬ್ಬ ಸಮಾಲೋಚಕರನ್ನು ಈಗಲೇ ಹುಡುಕಿಟ್ಟುಕೊಳ್ಳಿ, ತವರಿಗೆ ಹೋದ ಮೇಲೂ ವಿಡಿಯೊದಲ್ಲಿ ಅವರೇ ಸಿಗುವಂತೆ.

ಐದು ವಾರದ ಬಾಣಂತಿಗೆ: ಅಳು ಎರಡು ವಾರ ದಾಟಿದೆ, ಕಾಯಬೇಡ. ಬರುವ ವಾರ ಮಗುವಿಗೆ ಚುಚ್ಚುಮದ್ದಿದೆ. ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ, ಮನೋವೈದ್ಯರು ಬರುವ ದಿನ ಹಾಕಿಸು.

ತಾಯಿಗೆ: ಅಮ್ಮಾ, ಮಗಳ ಬದಲು ನೀವೇ ಮೊದಲ ಕರೆ ಮಾಡಬಹುದು. "ನನ್ನ ಮಗಳಿಗೆ ಹೆರಿಗೆಯಾಗಿ ಇಷ್ಟು ದಿನವಾಯಿತು. ಮಗು ಮಲಗಿದರೂ ಅವಳು ಮಲಗುತ್ತಿಲ್ಲ. ಊಟ ಬಿಟ್ಟಿದ್ದಾಳೆ. ಏನು ಮಾಡಲಿ?" ಇಷ್ಟು ಹೇಳಿದರೆ ಸಾಕು, ಉಳಿದುದನ್ನು ಅವರೇ ಕೇಳುತ್ತಾರೆ. ಆಸ್ಪತ್ರೆಗೆ ಹೊರಟ ದಿನ ಮಗುವಿಗೆ ಎರಡು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ, ತಾಯಿ ಕಾರ್ಡು ಇಟ್ಟುಕೊಳ್ಳಿ. ಮಗಳು ಒಳಗೆ ಹೋದಾಗ ಮಗುವನ್ನು ನೀವು ಎತ್ತಿಕೊಂಡು ಹೊರಗೇ ಕೂತಿರಿ, ಅವಳು ಅಲ್ಲಿ ಒಬ್ಬಳೇ ಮಾತಾಡಲಿ.